ಅಲ್ಫರೆಟಾದ ತೊಟ್ಟಿಲು

ಫೇರ್‌ಫ್ಯಾಕ್ಸ್‌ನಿಂದ ನಾವು ಹೊರಟದ್ದು ಅಕ್ಟೋಬರ್ ಕೊನೆಯ ಒಂದು ಶುಕ್ರವಾರ, ಬೆಳಗ್ಗೆ ಆರೂವರೆಗೆ. ಕಾರು ನನ್ನ ಅಕ್ಕನ ಮಗಳು ವನಮಾಲೆಯದು, ಓಡಿಸುವವಳೂ ಅವಳೇ. ನನಗೆ ಸೈಕಲ್ ಕೂಡ ಬಾರದು. ಹಿಂದಿನ ಸೀಟಿನ ಮೇಲೆ ಇಪ್ಪತ್ತು ಚಪಾತಿ, ಚಟ್ನಿಪುಡಿ, ಒಂದು ಡಬ್ಬಿ ಮೊಸರನ್ನ ಇದ್ದವು. ನನ್ನ ಕೈಚೀಲದಲ್ಲಿ ಭೂತಗನ್ನಡಿ, ಚಿಮ್ಮಟ ಮತ್ತು ಒಂದು ಸಣ್ಣ ಉಳಿ. ಅಟ್ಲಾಂಟಾದ ಪಕ್ಕದ ಅಲ್ಫರೆಟಾ ಅಲ್ಲಿಂದ ಆರುನೂರು ಮೈಲಿಗೂ ಮೇಲೆ. ಅಷ್ಟು ದೂರ ನಾವು ಹೊರಟಿದ್ದು ಒಂದು ತೊಟ್ಟಿಲನ್ನು ನೋಡಲಿಕ್ಕೆ.

ನಾನು ಕೃಷಿ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಹುಳುಗಳ ಪಾಠ ಹೇಳಿದವಳು. ಮದುವೆ ಮನೆಗೆ ಹೋದರೂ ಚಪ್ಪರದ ಗಳುವಿನಲ್ಲಿ ತೂತು ಹುಡುಕುತ್ತೇನೆ ಎಂದು ನಮ್ಮ ಮನೆಯವರ ದೂರು. ಆ ವರ್ಷ ಆರು ವಾರ ವಾಷಿಂಗ್‌ಟನ್ನಿನ ದೊಡ್ಡ ಸಂಗ್ರಹಾಲಯವೊಂದರಲ್ಲಿ ಕೂತು ಉದ್ದ ಮೀಸೆಯ ದುಂಬಿಗಳನ್ನು ನೋಡಲು ಅವಕಾಶ ಸಿಕ್ಕಿತ್ತು. ನಮ್ಮ ಕಾಫಿ ಬೆಳೆಗಾರರ ಹೊಟ್ಟೆ ಉರಿಸುವ ಬಿಳಿ ಕಾಂಡಕೊರಕ ಇದೇ ಕುಲದ್ದು. ನಾನು ನೋಡಲು ಹೋಗಿದ್ದು ಅದರ ದೂರದ ದಾಯಾದಿಗಳನ್ನು, ಮಧ್ಯ ಅಮೆರಿಕದಿಂದ ಬ್ರೆಜಿಲ್‌ವರೆಗಿನ ಬಿಸಿ ಕಾಡುಗಳಲ್ಲಿ ಮಾತ್ರ ಸಿಗುವ ಒಂದು ಗುಂಪನ್ನು. ಮೈ ಎರಡು ಅಂಗುಲವಿದ್ದರೆ ಮೀಸೆ ನಾಲ್ಕು ಅಂಗುಲ.

ದಿನವೂ ವಿಯೆನ್ನಾ ನಿಲ್ದಾಣದಲ್ಲಿ ಆರೆಂಜ್ ಲೈನ್ ರೈಲು ಹತ್ತಿ ಹೋಗಿ, ಸೆರಗಿನಲ್ಲೆಲ್ಲ ನುಸಿಗುಳಿಗೆಯ ವಾಸನೆ ತುಂಬಿಕೊಂಡು ಮರಳುತ್ತಿದ್ದೆ. ಒಂದು ದಿನ ಅಲ್ಲಿನ ಮುದುಕ ಅಧಿಕಾರಿಯೊಬ್ಬರು ಊಟದ ಮೇಜಿನ ಮುರಿದ ಕಾಲೊಂದನ್ನು ತೋರಿಸಿದರು. ಅದರಲ್ಲಿ ಹೆಬ್ಬೆರಳು ತೂರುವಷ್ಟು ಮೊಟ್ಟೆಯಾಕಾರದ ತೂತು. ಮೇಜು ಮಾಡಿ ಹತ್ತು ವರ್ಷ ಕಳೆದ ಮೇಲೆ, ಮನೆಮಂದಿ ಊಟಕ್ಕೆ ಕೂತಿದ್ದಾಗ, ದುಂಬಿ ಅದರಿಂದ ಹೊರಗೆ ಬಂದಿತಂತೆ. ಹಸಿಮರದಲ್ಲಾದರೆ ಹುಳು ಒಂದೆರಡು ವರ್ಷಕ್ಕೆ ಬಲಿತು ದುಂಬಿಯಾಗಿ ಹಾರಿಹೋಗುತ್ತದೆ. ಮರ ಕಡಿದು ಒಣಗಿಸಿಬಿಟ್ಟರೆ ಒಳಗೆ ಸತ್ವ ಸಾಲದು. ಹುಳು ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ. ಕತ್ತಲೆಯಲ್ಲಿ ತಿನ್ನುತ್ತ ಇದ್ದುಬಿಡುತ್ತದೆ. ಆ ಸಂಜೆ ಮನೆಗೆ ಬಂದು ಇದನ್ನು ಹೇಳಿದಾಗ ವನಮಾಲೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಚಿಕ್ಕಮ್ಮ, ಅದು ಸೌಂಡ್ ಮಾಡುತ್ತಾ?"

ಮಾಡುತ್ತದೆ ಎಂದೆ. ಅವಳು ತಕ್ಷಣ ಅಲ್ಫರೆಟಾಕ್ಕೆ ಫೋನ್ ಮಾಡಿದಳು.

ಅಲ್ಲಿರುವ ಶೈಲಾ ಇವಳ ಗೆಳತಿ. ಅಮೆರಿಕಕ್ಕೆ ಬಂದ ಹೊಸದರಲ್ಲಿ ಎರಡು ವರ್ಷ ಇಬ್ಬರೂ ಫೇರ್‌ಫ್ಯಾಕ್ಸ್‌ನ ಒಂದೇ ಅಪಾರ್ಟ್‌ಮೆಂಟಿನಲ್ಲಿ ಇದ್ದವರು. ಆಮೇಲೆ ಶೈಲಾ ತನ್ನ ಊರಾದ ಧಾರವಾಡದ ಕಡೆಯ ಡಾಕ್ಟರ್ ಬಸವರಾಜರನ್ನು ಮದುವೆಯಾಗಿ ದಕ್ಷಿಣಕ್ಕೆ ಹೋದಳು. ಹಿಂದಿನ ಜನವರಿಯಲ್ಲಿ ಅವಳಿಗೆ ಹೆಣ್ಣು ಮಗು ಹುಟ್ಟಿ, ಒಂಬತ್ತನೆಯ ದಿನ ತೀರಿಕೊಂಡಿತ್ತು. ಹನ್ನೆರಡನೆಯ ದಿನ ಮಗುವನ್ನು ಹಾಕಬೇಕೆಂದು ಮಾಡಿಸಿದ್ದ ತೊಟ್ಟಿಲು ಮೇಲಿನ ಕೋಣೆಯಲ್ಲೇ ಉಳಿಯಿತು. ಸೆಪ್ಟೆಂಬರಿನಲ್ಲಿ ಆ ತೊಟ್ಟಿಲು ತಾನಾಗಿ ಸದ್ದು ಮಾಡತೊಡಗಿತೆಂದು ಬಸವರಾಜರೇ ವನಮಾಲೆಗೆ ಫೋನಿನಲ್ಲಿ ಹೇಳಿದ್ದರು. ಅಂದಿನಿಂದ ಶೈಲಾ ಕೆಲಸ ಬಿಟ್ಟು ಅದರ ಪಕ್ಕದಲ್ಲೇ ಕೂತಿದ್ದಾಳೆ, ಮನೆ ಬಿಟ್ಟು ಹೊರಗೆ ಬಂದಿಲ್ಲ.

ಫೋನಿನಲ್ಲಿ ಬಸವರಾಜರ ದನಿ ಸಣ್ಣದಾಗಿತ್ತು. "ಅಕ್ಕಾರ, ಹಗಲೊತ್ತಿನಾಗs ಕೇಳಸ್ತದರಿ. ತೂಗಿದ್ರ ಸುಮ್ನ ಆಗ್ತದ. ಬಿಟ್ರ ಮತ್ತ ಶುರು. ಆಕಿ ಅದನ್ನ ಕೂಸು ಅಂತಾಳ. ಗೆದ್ದಲ ನೋಡೋರು ಬಂದು ಗ್ವಾಡಿ ಎಲ್ಲಾ ನೋಡಿ ಏನೂ ಇಲ್ಲ ಅಂತ ಹೇಳಿ ಹ್ವಾದ್ರು. ಆಕಿಗೆ ತಲಿ ಸರಿ ಇಲ್ಲ ಅನ್ನೂಹಂಗಿಲ್ರಿ, ಯಾಕಂದ್ರ ನನಗೂ ಕೇಳಸ್ತದ."

ತೊಟ್ಟಿಲು ಯಾವ ಮರದ್ದು ಎಂದು ಕೇಳಿದೆ. ಗೊತ್ತಿಲ್ಲ, ನಾರ್ತ್ ಕೆರೊಲೈನಾದ ಒಬ್ಬ ಬಡಗಿಯಿಂದ ಮಾಡಿಸಿದ್ದು ಎಂದು ವಿಳಾಸ ಹೇಳಿದರು. ಹೇಗೂ ದಾರಿಯಲ್ಲಿ ಸಿಗುವ ಊರು. ಹಾಗೆ ಈ ಪ್ರಯಾಣ ಗೊತ್ತಾಯಿತು.

ರಿಚ್ಮಂಡ್ ದಾಟುವವರೆಗೆ ಲಾರಿಗಳ ಸಾಲು. ಪೀಟರ್ಸ್‌ಬರ್ಗ್‌ನಲ್ಲಿ ಎಂಬತ್ತೈದನೆಯ ಹೆದ್ದಾರಿಗೆ ತಿರುಗಿದ ಮೇಲೆ ರಸ್ತೆ ಬರಿದಾಯಿತು. ಎರಡೂ ಕಡೆ ಪೈನ್ ಮರ, ಮೈಲಿಗಟ್ಟಲೆ ಒಂದೇ ಎತ್ತರ, ಒಂದೇ ಬಣ್ಣ. ನಡುವೆ ಎಲ್ಲೋ ಪೆಟ್ರೋಲ್ ಹಾಕಿಸಿದೆವು. ಗ್ಯಾಲನ್ನಿಗೆ ಒಂದು ಡಾಲರ್ ಎಂಟು ಸೆಂಟು. ಅಲ್ಲಿ ಮೊಸರನ್ನ ತಿನ್ನುತ್ತ ನಿಂತಾಗ ಎದುರಿಗೆ ದೊಡ್ಡ ಹಸಿರು ಗುಡ್ಡೆಯೊಂದು ಕಂಡಿತು. ಸ್ವಲ್ಪ ಹೊತ್ತು ನೋಡಿದ ಮೇಲೆ ಅದರಲ್ಲಿ ಕಿಟಕಿ ಕಂಡಿತು, ಆಮೇಲೆ ಹೊಗೆಗೂಡು. ಕುಡ್ಜು ಎಂಬ ಬಳ್ಳಿ ಇಡೀ ಮನೆಯನ್ನು ಮುಚ್ಚಿಹಾಕಿತ್ತು. ಒಳಗೆ ಯಾರೋ ಇನ್ನೂ ಇದ್ದಾರೆ ಅನ್ನಿಸಿ ನಾನು ಬೇಗ ಕಾರು ಹತ್ತಿದೆ. ಗಿಡಬಳ್ಳಿಗಳಿಗೆ ಹೆದರುವ ಹೆಂಗಸಲ್ಲ ನಾನು. ಆದರೂ ಅವತ್ತು ಹಾಗಾಯಿತು.

ಪೀಠೋಪಕರಣಗಳ ಊರು ಎಂದು ಹೆಸರಾದ ಹೈ ಪಾಯಿಂಟ್ ದಾಟಿ, ಒಳರಸ್ತೆಯಲ್ಲಿ ಇಪ್ಪತ್ತು ಮೈಲಿ ಹೋದರೆ ಬಡಗಿಯ ಮನೆ. ಮಧ್ಯಾಹ್ನ ಎರಡು ಗಂಟೆಯಾಗಿತ್ತು. ಮನೆಯ ಹಿಂದೆ ತಗಡಿನ ಮಾಡಿನ ಕಾರ್ಖಾನೆ. ಬಡಗಿಯ ಹೆಸರು ಅರ್ಲ್, ವಯಸ್ಸು ಎಂಬತ್ತರ ಹತ್ತಿರ, ಉದ್ದನೆ ಬಡಕಲು ಆಳು. ನಾವು ಹೇಳಿದ್ದೊಂದೂ ಅವನಿಗೆ ಕೇಳಿಸಲಿಲ್ಲ. ಕಿವಿ ಪೂರ್ತಿ ಹೋಗಿತ್ತು. ಒಂದು ಹಲಗೆಯ ತುಂಡನ್ನೂ ಚಪ್ಪಟೆ ಪೆನ್ಸಿಲನ್ನೂ ನನ್ನ ಕೈಗೆ ಕೊಟ್ಟು "ಬರೆದು ತೋರಿಸು" ಎಂದ. ನಾನು ತೊಟ್ಟಿಲಿನ ವಿಷಯ ಬರೆಯುತ್ತಿದ್ದಾಗ ವನಮಾಲೆ ನನ್ನ ರಟ್ಟೆ ಹಿಡಿದಳು.

ಕಾರ್ಖಾನೆಯಲ್ಲಿ ಎರಡು ಕುರ್ಚಿ, ಒಂದು ಬೀರು, ಗೋಡೆಗೆ ಒರಗಿಸಿದ ಐದಾರು ಹಲಗೆ ಇದ್ದವು. ಮೂಲೆಯಲ್ಲಿ ಹಲಗೆ ಕೊಯ್ಯುವಾಗ ಆನಿಸುವ ಎರಡು ಮರದ ಸ್ಟ್ಯಾಂಡುಗಳ ಮೇಲೆ ಒಂದು ಶವಪೆಟ್ಟಿಗೆ. ಎಲ್ಲವೂ ಒಂದೇ ಕೆಂಪುಗಂದು ಮರದವು. ಮತ್ತು ಎಲ್ಲವೂ ಸದ್ದು ಮಾಡುತ್ತಿದ್ದವು. ಊಟದ ನಡುವೆ ಅನ್ನದಲ್ಲಿನ ಕಲ್ಲು ಹಲ್ಲಿಗೆ ಸಿಕ್ಕರೆ ತಲೆಯೊಳಗೆ ಕೇಳುತ್ತದಲ್ಲ, ಅಂಥ ಸದ್ದು. ಕಿರ್ರ್, ಆಮೇಲೆ ಬಿಡುವು, ಮತ್ತೆ ಕಿರ್ರ್. ಕುರ್ಚಿಯಿಂದ ಒಂದು, ಬೀರುವಿನಿಂದ ಒಂದು, ಪೆಟ್ಟಿಗೆಯಿಂದ ಎರಡು. ವನಮಾಲೆ ಒಂದು ಹೆಜ್ಜೆ ಹಿಂದೆ ಇಟ್ಟಳು. ಅವಳ ಹಿಮ್ಮಡಿ ಹಲಗೆಯ ನೆಲಕ್ಕೆ ಬಡಿದದ್ದೇ ತಡ, ಎಲ್ಲ ಒಟ್ಟಿಗೆ ನಿಂತವು. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಮತ್ತೆ ಶುರುವಾದವು.

ಮುದುಕ ನಮ್ಮ ಮುಖಗಳನ್ನೇ ನೋಡುತ್ತಿದ್ದ. "ಮಾತಾಡ್ತಿದೆಯಾ ಅದು?" ಎಂದು ಕೇಳಿದ.

ನಾನು ಹೌದೆಂದು ತಲೆಯಾಡಿಸಿದೆ. ಅವನು ಕುರ್ಚಿಯ ಮೇಲೆ ಕೂತು ಹಣೆ ಒರೆಸಿಕೊಂಡ. ಐದು ವರ್ಷದ ಹಿಂದೆ ಚಾರ್ಲ್‌ಸ್ಟನ್ ಬಂದರಿನಲ್ಲಿ ಒಬ್ಬನಿಂದ ಹಾಂಡುರಾಸ್ ಕಡೆಯ ಎರಡು ದಿಮ್ಮಿ ಅಗ್ಗಕ್ಕೆ ಸಿಕ್ಕಿದ್ದವಂತೆ. ಮುದುಕನ ಮನೆತನದಲ್ಲಿ ಮರವನ್ನು ಒಲೆಗೂಡಿನಲ್ಲಿ ಬಿಸಿಮಾಡಿ ಒಣಗಿಸುವ ಪದ್ಧತಿ ಇಲ್ಲ. ನೆರಳಲ್ಲಿಟ್ಟು ಒಣಗಿಸುವುದು, ಗರಗಸ ಹಾಕುವ ಮುಂಚೆ ಕಿವಿ ಇಟ್ಟು ಕೇಳುವುದು. ಸದ್ದಿದ್ದರೆ ಆ ಮರ ಸೌದೆಗೆ.

"ನಮ್ಮಪ್ಪ ಹಾಗೇ ಮಾಡ್ತಿದ್ದ. ನಾನೂ ಪ್ರತಿ ದಿಮ್ಮಿಗೂ ಕಿವಿ ಇಟ್ಟೆ. ಎಷ್ಟು ನಿಶ್ಶಬ್ದವಾದ ಮರ, ಇಂಥದ್ದು ನೋಡೇ ಇಲ್ಲ ಅಂದ್ಕೊಂಡೆ," ಎಂದ. "ಕಿವಿ ಹೋಗ್ತಾ ಇದೆ ಅಂತ ನನಗೆ ಆಗ ಗೊತ್ತಿರಲಿಲ್ಲ."

ಎಲ್ಲವನ್ನೂ ಸುಡಬೇಕು, ದುಂಬಿ ಹೊರಗೆ ಬಂದು ಇಲ್ಲಿನ ಮರಗಳಿಗೆ ಹರಡಲು ಬಿಡಬಾರದು ಎಂದು ಹಲಗೆಯ ಮೇಲೆ ಬರೆದೆ. ಅವನು ಓದಿ, ಶವಪೆಟ್ಟಿಗೆಯ ಕಡೆ ಬೆರಳು ತೋರಿಸಿ "ಅದನ್ನೂನಾ? ಅದು ನನಗೆ ಅಂತ ಮಾಡ್ಕೊಂಡಿದ್ದು" ಎಂದ. ಅದನ್ನೂ ಎಂದು ಸನ್ನೆ ಮಾಡಿದೆ. ಬಾಯಲ್ಲಿ ಉಳಿದಿದ್ದ ನಾಲ್ಕು ಹಲ್ಲು ತೋರಿಸಿ ನಕ್ಕ. ಆಮೇಲೆ ತೊಟ್ಟಿಲು ಒಯ್ದವರ ಮಗು ಹೇಗಿದೆ ಎಂದು ಕೇಳಿದ. ನಾನು ಹಲಗೆಗೆ ಪೆನ್ಸಿಲ್ ಊರಿದೆ. ವನಮಾಲೆ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು "ಚೆನ್ನಾಗಿದೆ" ಎಂದು ಬರೆದಳು. ಮುದುಕ ಆ ಹಲಗೆಯನ್ನು ಎದೆಗೆ ಒತ್ತಿಕೊಂಡು ನಮ್ಮನ್ನು ಕಾರಿನವರೆಗೆ ಬಿಟ್ಟು ಹೋದ.

ಶಾರ್ಲಟ್ ಹತ್ತಿರವಾದಾಗ ವನಮಾಲೆ ಕಾರಿನ ವೇಗ ಇಳಿಸಿದಳು. ಆಮೇಲೆ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು. "ಚಿಕ್ಕಮ್ಮ, ಶೈಲಾ ಸೀಮಂತದಲ್ಲಿ ಆ ತೊಟ್ಟಿಲು ಹಾಲ್‌ನಲ್ಲೇ ಇತ್ತು. ಹುಟ್ಟೋದಕ್ಕೆ ಮುಂಚೆ ತರಬಾರದು ಅಂತ ಅಲ್ಲಿದ್ದ ಆಂಟಿಯರು ಹೇಳ್ತಾನೇ ಇದ್ರು. ಏನು ಮಾಡೋದು, ಆ ಬಡಗಿ ಬೇಗ ಡೆಲಿವರ್ ಮಾಡಿಬಿಟ್ಟಿದ್ದ. ಎಲ್ರೂ ಫೋಟೋ ತೆಗೀತಿದ್ರಾ, ನಾನು ಪೋಸ್ ಕೊಡೋಣ ಅಂತ ತೂಗಿಬಿಟ್ಟೆ. ಖಾಲಿ ತೊಟ್ಟಿಲು. ಒಂದು ಆಂಟಿ ಕಿರುಚಿದ್ರು, ತೂಗಬೇಡ ಅಂತ. ಎಲ್ರೂ ನಕ್ಕಿದ್ರು. ನಾನೂ ನಕ್ಕೆ."

ಖಾಲಿ ತೊಟ್ಟಿಲು ತೂಗಿದರೆ ಮಗುವಿಗೆ ಕೇಡು ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ನಂಬದವರೂ ತೂಗುವುದಿಲ್ಲ. ಮಗು ಹೋದ ಮೇಲೆ ಶೈಲಾ ಇವಳ ಫೋನ್ ಎತ್ತುವುದನ್ನೇ ನಿಲ್ಲಿಸಿದ್ದಳಂತೆ. ಹತ್ತು ತಿಂಗಳಿಂದ ಇಬ್ಬರ ನಡುವೆ ಮಾತಿಲ್ಲ. ನಾನು ಮೇಷ್ಟರ ದನಿಯಲ್ಲಿ ಇದೆಲ್ಲ ಮೂಢನಂಬಿಕೆ, ಮಗು ಹೋದದ್ದಕ್ಕೆ ವೈದ್ಯಕೀಯ ಕಾರಣ ಇರುತ್ತದೆ ಎಂದು ಹೇಳಿದೆ. "ಗೊತ್ತು ಚಿಕ್ಕಮ್ಮ, ನಾನೂ ಸೈನ್ಸೇ ಓದಿದ್ದು," ಎಂದು ಮೂಗು ಒರೆಸಿಕೊಂಡಳು. ನನ್ನ ಮಾತಿನಿಂದ ಎಳ್ಳಷ್ಟೂ ಉಪಯೋಗವಾಗಲಿಲ್ಲ.

ಆ ರಾತ್ರಿ ಸೌತ್ ಕೆರೊಲೈನಾದ ಗಡಿ ದಾಟಿ ಒಂದು ಮೋಟೆಲಿನಲ್ಲಿ ತಂಗಿದೆವು. ಬಾಡಿಗೆ ಮೂವತ್ತೆರಡು ಡಾಲರ್. ಮಾಲೀಕ ಗುಜರಾತಿ, ಸೀರೆ ನೋಡಿದ ಕೂಡಲೇ ಶುಂಠಿ ಹಾಕಿದ ಚಹಾ ಕಳಿಸಿದ. ಮಲಗುವ ಮುಂಚೆ ವನಮಾಲೆ ಮಂಚದ ಹಲಗೆಗೆ ಕಿವಿ ಇಟ್ಟು ನೋಡಿದಳು. ನಗಬೇಕು ಅನ್ನಿಸಿತು. ನಗುವ ಬದಲು ನಾನೂ ನನ್ನ ಮಂಚಕ್ಕೆ ಕಿವಿ ಇಟ್ಟೆ.

ಶನಿವಾರ ಬೆಳಗ್ಗೆ ಮಂಜು ಕವಿದಿತ್ತು. ಗ್ಯಾಫ್ನಿ ಎಂಬಲ್ಲಿ ರಸ್ತೆ ಪಕ್ಕ ಪೀಚ್ ಹಣ್ಣಿನ ಆಕಾರದಲ್ಲಿ ಕಟ್ಟಿದ ಭಾರಿ ನೀರಿನ ಟ್ಯಾಂಕ್ ಇದೆ. ಬುಡ ಕಾಣದೆ ಹಣ್ಣು ಮಾತ್ರ ಮಂಜಿನ ಮೇಲೆ ತೇಲುತ್ತಿತ್ತು. ಜಾರ್ಜಿಯಾದೊಳಗೆ ಬಿಸಿಲು ಬಂತು. ನಾರ್‌ಕ್ರಾಸ್‌ನಲ್ಲಿ ಇಳಿದು ನಮ್ಮವರ ಅಂಗಡಿಯಲ್ಲಿ ಜೋಳದ ಹಿಟ್ಟು, ಬದನೆಕಾಯಿ, ಗುರೆಳ್ಳು ಪುಡಿ ಕೊಂಡೆವು. ಧಾರವಾಡದವರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ಅಲ್ಫರೆಟಾ ತಲುಪಿದಾಗ ಒಂದು ಗಂಟೆ.

ಹೊಸದಾಗಿ ಎದ್ದ ಬಡಾವಣೆ ಅದು. ಒಂದೇ ಅಚ್ಚಿನ ದೊಡ್ಡ ಮನೆಗಳು, ಕತ್ತರಿಸಿದ ಹುಲ್ಲು, ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಹಾಡಹಗಲಲ್ಲಿ ನಮ್ಮ ಚಪ್ಪಲಿ ಸದ್ದು ನಮಗೇ ದೊಡ್ಡದಾಗಿ ಕೇಳುತ್ತಿತ್ತು. ಬಸವರಾಜರು ಬಾಗಿಲು ತೆರೆದು, "ಬರ್ರಿ ಅಕ್ಕಾರ, ಒಳಗ ಬರ್ರಿ. ದಾರಿ ದೂರ ಆತು ನಿಮಗ," ಎಂದರು. ನಲವತ್ತರ ಒಳಗಿನ ಮನುಷ್ಯ. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಮೇಲಿನ ಕೋಣೆಗೆ ಕರೆದುಕೊಂಡು ಹೋದರು. ಮೆಟ್ಟಿಲು ಹತ್ತುವಾಗ ಅವರು ಕಾಲು ಸಪ್ಪಳವಾಗದಂತೆ ಇಡುತ್ತಿದ್ದರು. ನಾವೂ ಹಾಗೆಯೇ ಹತ್ತಿದೆವು.

ಶೈಲಾ ಎದ್ದು ನಮಸ್ಕಾರ ಮಾಡಿದಳು. ತಲೆ ಬಾಚಿ ಹೆರಳು ಹಾಕಿದ್ದಳು, ಹಣೆಗೆ ಇಟ್ಟಿದ್ದಳು. ಕೆದರಿದ ಕೂದಲಿನ ಹೆಂಗಸನ್ನು ನಿರೀಕ್ಷಿಸಿದ್ದ ನನಗೆ ನಾಚಿಕೆಯಾಯಿತು. ವನಮಾಲೆಯ ಕಡೆ ಅವಳು ನೋಡಲಿಲ್ಲ. ಕೋಣೆಯ ನಡುವೆ ನಮ್ಮ ಕಡೆಯ ತೂಗುತೊಟ್ಟಿಲು. ಎರಡು ಕಂಬ, ಮೇಲೆ ತೊಡೆ ಗಾತ್ರದ ಅಡ್ಡತೊಲೆ, ಅದರಿಂದ ಇಳಿಬಿಟ್ಟ ತೊಟ್ಟಿಲು. ಒಳಗೆ ಹಳದಿ ಬಟ್ಟೆ ಸುತ್ತಿದ ಏನೋ ಮಲಗಿತ್ತು. ಹತ್ತಿರ ಹೋದಾಗ ಕಲ್ಲು ಕಂಡಿತು, ಕುಟ್ಟಾಣಿಯ ಗುಂಡು. ಹೆಸರಿಡುವ ದಿನ ಮಗುವಿಗೆ ಮೊದಲು ಗುಂಡುಕಲ್ಲಿಗೆ ಬಟ್ಟೆ ಸುತ್ತಿ, ಗುಂಡಪ್ಪ ಎಂದು ಕರೆದು ತೊಟ್ಟಿಲಿಗೆ ಹಾಕುವುದು ನಮ್ಮ ಪದ್ಧತಿ. ಆಮೇಲೆ ಗುಂಡಪ್ಪನನ್ನು ತೆಗೆದು ಮಗುವನ್ನು ಮಲಗಿಸುತ್ತಾರೆ. ಇಲ್ಲಿ ಗುಂಡಪ್ಪ ಬಂದವನು ಹಾಗೇ ಉಳಿದಿದ್ದ.

"ಖಾಲಿ ಇಡಬಾರದಲ್ರಿ ಅಕ್ಕಾರ, ಅದಕ್ಕ," ಎಂದಳು ಶೈಲಾ.

ಎರಡು ನಿಮಿಷ ಕಳೆದಿರಬೇಕು. ಕಿರ್ರ್ ಎಂದಿತು. ಮತ್ತೆ ಕಿರ್ರ್. ಶೈಲಾ ಕೈ ಚಾಚಿ ತೊಟ್ಟಿಲನ್ನು ಮೆಲ್ಲಗೆ ತೂಗಿದಳು. ಸದ್ದು ನಿಂತಿತು. ಅವಳು ನನ್ನ ಮುಖ ನೋಡಿದಳು, ಈಗಲಾದರೂ ಒಪ್ಪುತ್ತೀರಾ ಎನ್ನುವಂತೆ. ಅಲುಗಾಟ ತಿಳಿದರೆ ಹುಳು ತಿನ್ನುವುದನ್ನು ನಿಲ್ಲಿಸುತ್ತದೆ, ನಾನು ವರ್ಷವರ್ಷವೂ ಮಕ್ಕಳಿಗೆ ಬರೆಸಿದ ಪಾಠ ಅದು. ಆದರೂ ಕೇಳಿದ ಮೊದಲ ಗಳಿಗೆಯಲ್ಲಿ ನಾನೂ ಅದನ್ನು ಮಗು ಎಂದೇ ನಂಬಿದೆ. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ.

ಸದ್ದು ಎಲ್ಲಿಂದ ಎಂದು ಖಚಿತ ಮಾಡಿಕೊಳ್ಳಬೇಕಿತ್ತು. ಬಸವರಾಜರ ಸ್ಟೆತಾಸ್ಕೋಪ್ ಕೇಳಿದೆ. ಅವರು ತಂದುಕೊಟ್ಟರು. "ಎರಡ ತಿಂಗಳಾತು, ಇದನ್ನ ಅಲ್ಲಿ ಹಚ್ಚಲಿಕ್ಕೆ ನನಗ ಧೈರ್ಯ ಆಗಿಲ್ರಿ," ಎಂದರು. ನಾನು ಅಡ್ಡತೊಲೆಯ ಉದ್ದಕ್ಕೂ ಗೇಣುಗೇಣಾಗಿ ಇಟ್ಟು ಕೇಳಿದೆ. ಎಡತುದಿಯಿಂದ ಎರಡು ಗೇಣು ಈಚೆಗೆ ಸದ್ದು ಕಿವಿಗೆ ಬಡಿಯಿತು. ಹಲ್ಲುಗಳು ನಾರನ್ನು ಕಿತ್ತು, ಸೀಳಿ, ಅಗಿಯುವುದು ಬಿಡಿಬಿಡಿಯಾಗಿ ಕೇಳುತ್ತಿತ್ತು. ನಾನು ಏನೂ ಹೇಳದೆ ಶೈಲಾಳ ಕಿವಿಗೆ ಅದನ್ನು ಹಾಕಿದೆ.

ಅವಳು ಕಣ್ಣು ಮುಚ್ಚಿ ಕೇಳಿದಳು. ಎಷ್ಟು ಹೊತ್ತೋ ಗೊತ್ತಿಲ್ಲ, ನಮಗೆಲ್ಲ ಕಾಲು ನೋಯತೊಡಗಿತು. ಆಮೇಲೆ ಕಣ್ಣು ಬಿಡದೆಯೇ ಹೇಳಿದಳು. "ನನ್ನ ಕೂಸಿನ ಎದಿ ಬಡಿತ ನಾ ಕೇಳೇನ್ರಿ, ಸ್ಕ್ಯಾನ್ ಮಾಡೂವಾಗ. ಕುದುರಿ ಓಡಿಧಂಗ ಇತ್ತು. ಇದು ಅದಲ್ಲ." ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದು, "ಇದು ತಿನ್ನಾಕತ್ತದ," ಎಂದಳು.

"ಹೌದಮ್ಮ. ಹುಳು ಅದು," ಎಂದೆ.

ಎಷ್ಟು ದಿನದಿಂದ ಇದೆ ಎಂದು ಕೇಳಿದಳು. ದುಂಬಿ ಮೊಟ್ಟೆಯಿಡುವುದು ಹಸಿಮರದ ತೊಗಟೆಯಲ್ಲಿ, ಈ ದಿಮ್ಮಿ ಅಮೆರಿಕಕ್ಕೆ ಬಂದೇ ಐದು ವರ್ಷವಾಯಿತು, ಅಂದರೆ ಅದಕ್ಕೂ ಮುಂಚಿನಿಂದ ಎಂದು ಹೇಳಿದೆ. ಅವಳು ಕಲ್ಲನ್ನು ಎತ್ತಿ ಮಡಿಲಿಗಿಟ್ಟುಕೊಂಡಳು. ಗಂಡನ ಕಡೆ ತಿರುಗಿ, "ಒಡೀರಿ. ನಾ ನೋಡಬೇಕು," ಎಂದಳು.

ತೊಲೆಯನ್ನು ಮನೆಯೊಳಗಿಂದಲೇ ಗ್ಯಾರೇಜಿಗೆ ಹೊತ್ತು ತಂದೆವು. ಬಸವರಾಜರು ಸುತ್ತಿಗೆಯಿಂದ ಬಡಿದರು, ಉಳಿ ಹಿಡಿದವಳು ನಾನು. ಮೇಲೆ ಕೂದಲೆಳೆಯಷ್ಟೂ ಬಿರುಕಿರಲಿಲ್ಲ, ಅರಗಿನ ಹೊಳಪು ಹಾಗೇ ಇತ್ತು. ಸೀಳಿದಾಗ ಒಳಗೆ ನುಣ್ಣಗೆ ಅಗಿದ ಪುಡಿ ಗಟ್ಟಿಯಾಗಿ ತುಂಬಿದ ಸುರಂಗ ಕಂಡಿತು. ತೊಲೆಯ ಉದ್ದಕ್ಕೂ ಹೋಗಿ, ತಿರುಗಿ ಬಂದು, ಮತ್ತೆ ಹೋಗಿತ್ತು. ಅದರ ಕೊನೆಯಲ್ಲಿ ಹುಳು. ನನ್ನ ಕಿರುಬೆರಳಿನಷ್ಟು, ಕಾಲಿಲ್ಲ, ಕಣ್ಣಿಲ್ಲ, ಕೆನೆಬಣ್ಣದ ಮೈತುಂಬ ಮಡಿಕೆ. ಬೆಳಕಿಗೆ ಮೈ ಸೆಟೆಸಿ ತಲೆ ಆಚೀಚೆ ಆಡಿಸಿತು. ನಾನು ಚಿಮ್ಮಟ ತೆಗೆಯುವ ಮೊದಲೇ ಶೈಲಾ ಅಂಗೈ ಚಾಚಿದಳು. ನಾನು ಹುಳುವನ್ನು ಅದರ ಮೇಲಿಟ್ಟೆ. ಹುಳು ಅವಳ ಅಂಗೈಯಲ್ಲಿ ಮುದುಡಿಕೊಂಡು ಮಲಗಿತು. ಬಸವರಾಜರು ಗೋಡೆಯ ಕಡೆ ತಿರುಗಿದರು.

"ತಣ್ಣಗದ," ಎಂದಳು ಶೈಲಾ. ಇಷ್ಟೇ ಹೇಳಿ ಅದನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಆ ಸಂಜೆಯಷ್ಟು ಉದ್ದದ ಸಂಜೆಯನ್ನು ನಾನು ಕಂಡಿಲ್ಲ. ವನಮಾಲೆ ರೊಟ್ಟಿ ತಟ್ಟಲು ಹೋಗಿ ಎರಡು ಮುರಿದಳು. ಶೈಲಾ ಊಟಕ್ಕೆ ಇಳಿಯಲಿಲ್ಲ, ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಮನೆಯಲ್ಲಿ ಈಗ ಯಾವ ಸದ್ದೂ ಇರಲಿಲ್ಲ. ಆ ಸದ್ದಿಲ್ಲದ ಮನೆ ನನಗೆ ಮೊದಲಿಗಿಂತ ಹೆಚ್ಚು ದಿಗಿಲು ತಂದಿತು. ಬಸವರಾಜರು ತಟ್ಟೆ ನೋಡುತ್ತ, "ಇದ್ದದ್ದೊಂದನ್ನೂ ತಗದ್ವೇನೋ ಅಕ್ಕಾರ," ಎಂದರು. ನಾನು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ನಿಜ ಹೇಳಿದ್ದೇ ತಪ್ಪಾಯಿತೇ ಎಂದು ಹೊರಳಾಡಿದೆ. ಹುಳುವನ್ನು ತೊಲೆಯ ಒಂದು ತುಂಡಿನ ಸಮೇತ ಬಿಸ್ಕತ್ತಿನ ತಗಡು ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಸಣ್ಣ ತೂತು ಕೊರೆದು ಟೇಪು ಸುತ್ತಿದೆ. ವಾಷಿಂಗ್‌ಟನ್ನಿಗೆ ಒಯ್ದು ಸಂಗ್ರಹಾಲಯದವರಿಗೆ ಒಪ್ಪಿಸುವುದೆಂದು ನಿಶ್ಚಯಿಸಿದ್ದೆ. ಉಳಿದ ತೊಟ್ಟಿಲನ್ನು ಬಸವರಾಜರು ಸುಡುವುದಾಗಿ ಮಾತು ಕೊಟ್ಟರು.

ಭಾನುವಾರ ಬೆಳಗ್ಗೆ ಏಳಕ್ಕೆ ಹೊರಟೆವು. ಡಬ್ಬಿಯನ್ನು ಹಿಂದಿನ ಸೀಟಿನ ಮೇಲಿಟ್ಟು, ಜಾರದಂತೆ ವನಮಾಲೆಯ ಸ್ವೆಟರ್ ಒತ್ತಿದೆ. ವನಮಾಲೆ ಕಾರು ಶುರು ಮಾಡಿದಾಗ ಮನೆಯ ಮುಂಬಾಗಿಲು ತೆರೆಯಿತು. ಶೈಲಾ ಬರಿಗಾಲಲ್ಲಿ ಇಬ್ಬನಿಯ ಹುಲ್ಲಿನ ಮೇಲೆ ನಡೆದು ಬಂದಳು. ಎರಡು ತಿಂಗಳಲ್ಲಿ ಹೊಸಿಲು ದಾಟಿದ್ದು ಅದೇ ಮೊದಲು. ಬಾಗಿಲಲ್ಲಿ ಬಸವರಾಜರು ಚೌಕಟ್ಟು ಹಿಡಿದು ನಿಂತಿದ್ದರು.

ವನಮಾಲೆ ಗಾಜು ಇಳಿಸಿದಳು. "ಶೈಲಾ, ಅವತ್ತು ನಾನು..." ಎಂದು ಶುರು ಮಾಡಿ ಅತ್ತುಬಿಟ್ಟಳು.

"ನೀನs ತೂಗಿದ್ದಿ. ನನಗ ಗೊತ್ತದ. ಫೋಟೋ ನನ್ನ ಹತ್ರ ಅದ," ಎಂದಳು ಶೈಲಾ. ದಿನವೂ ಅದನ್ನು ನೋಡಿದವಳ ಮಾತಿನ ಹಾಗಿತ್ತು. ಆಮೇಲೆ ಬಗ್ಗಿ ನನ್ನನ್ನು ಕೇಳಿದಳು. "ಅಕ್ಕಾರ, ಐದು ವರ್ಷ ಅಂದ್ರಿ. ಖರೇನ?"

"ಕಡಿಮೆಯೆಂದರೆ ಐದು."

"ಹಂಗಾರ ನನ್ನ ಸೀಮಂತದ ದಿನಾ ಅದು ಒಳಗ ಇತ್ತು?"

"ಇತ್ತು."

"ಜೀವಂತ?"

"ಜೀವಂತವಾಗಿಯೇ ಇತ್ತಮ್ಮ."

ಅವಳು ಕಿಟಕಿಯೊಳಗೆ ಕೈ ಹಾಕಿ, ಸ್ಟಿಯರಿಂಗ್ ಹಿಡಿದಿದ್ದ ವನಮಾಲೆಯ ಕೈಯನ್ನು ಹಿಡಿದಳು. ಹಿಡಿತ ಬಿಗಿಯಾಗಿತ್ತು, ಇಬ್ಬರ ಬೆರಳೂ ಬಿಳಿಚಿದವು.

"ಮತ್ಯಾಕ ಅಳ್ತೀ? ನೀ ತೂಗಿದಾಗ ತೊಟ್ಲಾ ಖಾಲಿ ಇರಲಿಲ್ಲ."

ಹುಳುವನ್ನು ಯಾರೂ ಮಗುವಿನ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇಪ್ಪತ್ತೆಂಟು ವರ್ಷದ ಮೇಷ್ಟರಿಕೆಯಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡೆ. ವನಮಾಲೆ ಎಷ್ಟು ಹೊತ್ತು ಅತ್ತಳೋ, ಶೈಲಾ ಅಷ್ಟು ಹೊತ್ತೂ ಕೈ ಬಿಡಲಿಲ್ಲ. ಕೊನೆಗೆ ಕಾರು ಹೊರಟಿತು. ತಿರುವಿನಲ್ಲಿ ನಾನು ಹಿಂದಿರುಗಿ ನೋಡಿದೆ. ಶೈಲಾ ರಸ್ತೆಯ ನಡುವೆ ನಿಂತು ಕೈ ಬೀಸುತ್ತಿದ್ದಳು. ಹಿಂದಿನ ಸೀಟಿನ ಡಬ್ಬಿಯಲ್ಲಿ ಕಿರ್ರ್ ಎಂದಿತು. ಅವಳು ಕೈ ಬೀಸುತ್ತಿದ್ದದ್ದು ನಮಗೋ ಅದಕ್ಕೋ ನನಗೆ ತಿಳಿಯಲಿಲ್ಲ.